ಬಲಸುತ್ತು

ಅಂಗಡಿಯಲ್ಲಿದ್ದ ನಲವತ್ತೋ ಐವತ್ತೋ ಮೋಟಾರುಗಳಲ್ಲಿ ಒಂದೂ ಓಡುತ್ತಿರಲಿಲ್ಲ. ಆದರೂ ಒಳಗೆ ಕಾಲಿಟ್ಟೊಡನೆ ಅವನ ಹಲ್ಲಿನ ಬೇರುಗಳಲ್ಲಿ ಸಣ್ಣದೊಂದು ಗುಂಯ್‌ಕಾರ ಹುಟ್ಟಿಕೊಂಡಿತು. ಸೂರಿಗೆ ನೇತುಹಾಕಿದ ಟ್ಯೂಬ್‌ಲೈಟಿನದಿರಬೇಕು ಎಂದುಕೊಂಡು ಅದರ ಕೆಳಗಿನಿಂದ ಸರಿದು ಗೋಡೆಯ ಬಳಿ ನಿಂತ. ಕಡಿಮೆಯಾಗಲಿಲ್ಲ. ನೆಲದ ಮೇಲೆ ಸಾಲುಸಾಲಾಗಿ ಕುಳಿತ ಮೋಟಾರುಗಳೆಲ್ಲ ತಮ್ಮ ಶಾಫ್ಟುಗಳನ್ನು ಬಾಗಿಲ ಕಡೆಗೇ ಚಾಚಿಕೊಂಡಿದ್ದವು. ಗಿರಾಕಿಗೆ ಶಾಫ್ಟಿನ ದಪ್ಪ ಕಾಣಲೆಂದು ಹಾಗಿಟ್ಟಿರುತ್ತಾರೆ, ಅದರಲ್ಲೇನೂ ಇಲ್ಲ, ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಳ್ಳಬೇಕಾಗಿ ಬಂದದ್ದೇ ಅವನಿಗೆ ನಾಚಿಕೆಯೆನಿಸಿತು. ಅಣ್ಣನಾದರೋ ಯಾವ ಅಳುಕೂ ಇಲ್ಲದೆ ಸಾಲುಗಳ ನಡುವೆ ಬಗ್ಗಿ ಬಗ್ಗಿ ನಡೆಯುತ್ತ, ಒಂದೊಂದು ಮೋಟಾರಿನ ಬೆನ್ನನ್ನೂ ಎಡಗೈಯಿಂದ ತಟ್ಟಿ ನೋಡುತ್ತಿದ್ದ. ಬಲಗೈ ಅಂಗಿಯ ಕೆಳಜೇಬಿನಲ್ಲಿತ್ತು. ಹನ್ನೊಂದು ತಿಂಗಳಿನಿಂದ ಅದರ ವಾಸ ಅಲ್ಲೇ. ಊಟಕ್ಕೆಂದು, ಚಾಕುವಿನ ಹಿಡಿಗೆ ಅರ ಉಜ್ಜಲೆಂದು ಹೊರಗೆ ಬರುತ್ತಿತ್ತು; ಕೆಲಸ ಮುಗಿದೊಡನೆ, ಮನೆಯವರ ಎದುರು ಕೂರಲು ಸಂಕೋಚಪಡುವ ನೆಂಟನಂತೆ, ಮತ್ತೆ ಒಳಗೆ ಹೋಗಿಬಿಡುತ್ತಿತ್ತು.

"ಏನ್ ಕೆಲಸಕ್ಕಪ್ಪ ಮೋಟಾರು?" ಎಂದು ಕೇಳಿದಳು ತಂತಿಯಮ್ಮ. ಸುಟ್ಟ ಮೋಟಾರುಗಳನ್ನು ಕೊಂಡು, ಹೊಸ ತಾಮ್ರದ ತಂತಿ ಸುತ್ತಿ ಮಾರುವ ಮುದುಕಿ. ಅವಳ ನಿಜವಾದ ಹೆಸರು ಅವಳಿಗೂ ಮರೆತಿದೆಯೆಂದು ಪೇಟೆಯವರು ನಗೆಯಾಡುತ್ತಿದ್ದರು. ಮಾತಾಡುವಾಗಲೂ ಅವಳ ಬೆರಳು ಸುತ್ತುವುದನ್ನು ನಿಲ್ಲಿಸುತ್ತಿರಲಿಲ್ಲ.

"ಚಾಕುವಿನ ಸಾಣೆಗಮ್ಮ. ಬೆಲ್ಟ್ ಗ್ರೈಂಡರು. ಎರಡಿಂಚಿನ ಬೆಲ್ಟು" ಎಂದ ಅಣ್ಣ.

"ಹಾಗಾದ್ರೆ ಎರಡು ಎಚ್‌ಪಿ, ಮೂರು ಫೇಸು. ಯೋಚನೆ ಮಾಡೋ ಹಾಗೇ ಇಲ್ಲ. ಎಷ್ಟು ಒತ್ತಿ ಹಿಡಿದ್ರೂ ಅದು ಸೊಪ್ಪು ಹಾಕಬಾರದು."

"ಬೇಡಮ್ಮ, ಅರ್ಧ ಎಚ್‌ಪಿಯದ್ದು ತೋರ್ಸು. ಒತ್ತಿದ್ರೆ ನಿಂತುಬಿಡಬೇಕು, ಅಂಥದ್ದು."

ತಂತಿಯಮ್ಮನ ಬೆರಳು ನಿಂತಿತು. "ಒತ್ತಿದ್ರೆ ನಿಲ್ಲೋದಕ್ಕೆ ಮೋಟಾರ್ ಯಾಕೆ? ಗಡಿಯಾರ ತಗೊಂಡು ಹೋಗು."

ಅಣ್ಣ ನಕ್ಕ. "ಏನ್ ಮಾಡೋದಮ್ಮ, ಹೋದ ವರ್ಷ ನನ್ನ ಕೈಯೇ ನನಗೆ ಕೈ ಕೊಡ್ತು" ಎಂದ. ಈ ಮಾತನ್ನು ಅಣ್ಣ ಎಲ್ಲರಿಗೂ ಹೇಳುತ್ತಿದ್ದ: ನೋಡಲು ಬಂದ ಬೀಗರಿಗೆ, ಹೊಲಿಗೆ ಬಿಚ್ಚಿದ ಡಾಕ್ಟರಿಗೆ, ಚಾಕು ಕೊಳ್ಳಲು ಬರುವ ಹೋಟೆಲಿನವರಿಗೆ. ಕೇಳಿದವರು ನಗುತ್ತಿದ್ದರು, ನಗಲೆಂದೇ ಅಣ್ಣ ಅದನ್ನು ಕಟ್ಟಿಕೊಂಡಿದ್ದ. ತಮ್ಮನಾದ ಅವನು ಮಾತ್ರ ಪ್ರತಿ ಸಲವೂ, ಆ ಮಾತು ಮುಗಿಯುವ ತನಕ, ಏನೋ ಬಿದ್ದುಹೋದದ್ದನ್ನು ಹುಡುಕುವವನಂತೆ ನೆಲ ನೋಡುತ್ತಿದ್ದ. ಈಗಲೂ ನೋಡಿದ. ಸಿಮೆಂಟಿನ ಮೇಲೆ ಎಣ್ಣೆಯ ಕಲೆಯೊಂದು ಅಂಗೈಯ ಆಕಾರದಲ್ಲಿ ಹರಡಿತ್ತು. ಎಣಿಸಿದರೆ ಅದಕ್ಕೆ ಆರು ಬೆರಳಿದ್ದವು.

ಅರ್ಧ ಎಚ್‌ಪಿ ಎಂದರೇನೆಂದು ಅವನಿಗೆ ಕಲಿಸಿದವನು ಅಣ್ಣನೇ. ಬಲವಿಲ್ಲದ ಮೋಟಾರಿನ ಮುಂದೆ ಅಲಗನ್ನು ಹಿಡಿದರೆ ಬೆಲ್ಟು ಸೋತು ನಿಧಾನವಾಗುತ್ತದೆ, ಕೊರೆಯುವ ಬದಲು ಉಜ್ಜುತ್ತದೆ, ಉಕ್ಕು ಕಾದು ಅಂಚಿನಲ್ಲಿ ನೀಲಿ ಹರಿದಾಡುತ್ತದೆ. ನೀಲಿ ಕಂಡಿತೆಂದರೆ ಕುಲುಮೆಯಲ್ಲಿ ಕಷ್ಟಪಟ್ಟು ಕೊಟ್ಟ ಹದವೆಲ್ಲ ಹೋಯಿತು, ಆ ಚಾಕು ಆಮೇಲೆ ಬೆಣ್ಣೆಯನ್ನಷ್ಟೇ ಕೊಯ್ದೀತು. ಇಪ್ಪತ್ತು ವರ್ಷ ಹೀಗೆಂದು ಗದರುತ್ತ ಬಂದವನು ಇಂದು ಬೆಳಿಗ್ಗೆ, ಬಟ್ಟೆ ಒಗೆಯುವ ಯಂತ್ರದಿಂದ ಕಿತ್ತು ಜೋಡಿಸಿಕೊಂಡಿದ್ದ ಮೋಟಾರು ಸುಟ್ಟು ನಾರಿದಾಗ, ಹಿಡಿಗಳ ರಾಶಿಯ ಮುಂದಿನಿಂದ ಎದ್ದು ಬಂದು, "ಈ ಸಲ ಸಣ್ಣದೊಂದು ತರೋಣ ಕಣೋ. ನಾನೂ ಕೂತ್ಕೋತೀನಿ, ಒಂದನೇ ಕ್ಲಾಸಿಂದ ಶುರು ಮಾಡಿದ ಹಾಗೆ" ಎಂದಿದ್ದ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಮುಖವನ್ನು ಆಚೆ ಮಾಡಿಕೊಂಡಿದ್ದಳು. ಕೈಗೆ ಇನ್ನೇನೂ ತೊಂದರೆಯಿಲ್ಲ, ಧೈರ್ಯವಾಗಿ ಕೆಲಸ ಮಾಡಬಹುದು ಎಂದು ಡಾಕ್ಟರು ಹೇಳಿ ಏಳು ತಿಂಗಳಾಗಿತ್ತು. ಹೆಬ್ಬೆರಳು ಪೂರ್ತಿ ಮಡಚುತ್ತಿತ್ತು, ತೋರುಬೆರಳು ಮುಕ್ಕಾಲು. ಆದರೆ ಅಣ್ಣನಿಗೆ ತನ್ನ ಕೈಯ ಮೇಲಿದ್ದ ನಂಬಿಕೆ ಹೋಗಿತ್ತು. ಅದನ್ನು ಮರಳಿಸಬಲ್ಲ ಮಾತು ಒಂದೇ ಒಂದಿತ್ತು, ಮತ್ತು ಅದು ಇದ್ದದ್ದು ತಮ್ಮನ ಬಾಯಲ್ಲಿ. ಅರ್ಧ ಎಚ್‌ಪಿ ಮನೆಗೆ ಬಂದರೆ ಆ ಮಾತನ್ನು ಆಡಬೇಕಾದ ಪ್ರಮೇಯವೇ ಇನ್ನು ಬೀಳುವುದಿಲ್ಲ. ಅಣ್ಣ ಅದರ ಮುಂದೆ ಕುಳಿತು, ಬದುಕಿರುವಷ್ಟು ಕಾಲ ತರಕಾರಿ ಹೆಚ್ಚುವ ಚಾಕುಗಳಿಗೆ ಬಾಯಿ ಕೊಡುತ್ತ, ಮಾಡದ ತಪ್ಪಿಗೆ ತನ್ನ ಕೈಯನ್ನು ತಾನೇ ಕ್ಷಮಿಸುತ್ತ ಇದ್ದುಬಿಡುತ್ತಾನೆ. ದೊಡ್ಡ ಅಲಗುಗಳು, ಹನ್ನೊಂದು ತಿಂಗಳಿನಿಂದ ಇರುವಂತೆ, ತಮ್ಮನ ಪಾಲಿಗೇ ಉಳಿಯುತ್ತವೆ. ಈ ಕೊನೆಯ ಯೋಚನೆ ಬಂದಾಗ ಎದೆಯ ಮೂಲೆಯಲ್ಲೆಲ್ಲೋ ಒಂದು ತಣ್ಣನೆಯ ಸುಖ ಕದಲಿದ್ದನ್ನು ಅವನು ಕಂಡ; ಕಂಡೂ ಕಾಣದವನಂತೆ ಕೆಮ್ಮಿದ.

ತಂತಿಯಮ್ಮ ಗೊಣಗುತ್ತಲೇ ಸಣ್ಣ ಮೋಟಾರೊಂದನ್ನು ಹಲಗೆಯ ಮೇಲೆ ಎತ್ತಿಟ್ಟಳು. "ಬಲಸುತ್ತೋ ಎಡಸುತ್ತೋ?"

"ಬಲಸುತ್ತು" ಎಂದ ಅಣ್ಣ.

"ಎಲ್ಲಿ ನಿಂತು ಬಲ? ಶಾಫ್ಟಿನ ಕಡೆಯಿಂದ್ಲೋ, ಹಿಂದೆ ಫ್ಯಾನಿನ ಕಡೆಯಿಂದ್ಲೋ? ಅರ್ಧ ಊರು ಎಡವೋದು ಇಲ್ಲೇ. ಬಲ ಅಂತ ಚೀಟಿ ಬರೆದು ಕಳಿಸ್ತಾರೆ. ಬರೆದೋನು ಯಾವ ಕಡೆ ನಿಂತಿದ್ದ ಅಂತ ಆ ಚೀಟಿಗೇನು ಕಣ್ಣಿತ್ತಾ?"

ಚೀಟಿ. ಹೋದ ವರ್ಷ, ಅಣ್ಣನ ಕೈಗೆ ಏಟಾಗುವ ಮುಂಚೆ, ಸಾಣೆಯ ಹಳೆಯ ಮೋಟಾರನ್ನು ತಂತಿ ಸುತ್ತಿಸಲು ಬಿಚ್ಚಿದ ದಿನ ಅವನೂ ಒಂದು ಚೀಟಿ ಬರೆದಿದ್ದ. ಬೋಲ್ಟು ಬಿಚ್ಚಲು ಮೋಟಾರಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತವನು, ಅಲ್ಲೇ ತೊಡೆಯ ಮೇಲೆ ಕಾಗದವಿಟ್ಟುಕೊಂಡು, ಗುಂಡಗಿನ ಅಕ್ಷರದಲ್ಲಿ ‘ಬಲಸುತ್ತು’ ಎಂದು ಬರೆದಿದ್ದ. ಬೇರೆ ಬೀದಿಯ ಬೇರೊಬ್ಬ ತಂತಿ ಸುತ್ತುವವನು ಅದನ್ನು ಶಾಫ್ಟಿನ ಎದುರು ನಿಂತು ಓದಿದ್ದ, ಓದಿದಂತೆ ಕಟ್ಟಿಕೊಟ್ಟಿದ್ದ. ಇಷ್ಟೇ ಆಗಿದ್ದರೆ ಅದು ಯಾರಿಂದಲಾದರೂ ಆಗಬಹುದಾದ ತಪ್ಪು. ಆದರೆ ಬೆಲ್ಟು ಹಾಕುವ ಮುಂಚೆ ಅವನು ಬರಿಯ ಮೋಟಾರನ್ನು ಓಡಿಸಿ ನೋಡಿದ್ದ. ತನ್ನ ಕಣ್ಣಿನಿಂದ ನೋಡಿದ್ದ. ಶಾಫ್ಟಿನ ಮೇಲೆ ಕೊರೆದ ತೋಡು ಹೋಗಬೇಕಾದ ಕಡೆಗೇ, ನಿಧಾನವಾಗಿ, ಹೊಟ್ಟೆ ತುಂಬಿದ ಹಾವಿನಂತೆ ಹೋಗುತ್ತಿತ್ತು. ಇದು ಅವನು ಯಾರಿಗೂ ಹೇಳದೆ ಹನ್ನೊಂದು ತಿಂಗಳು ಹೊತ್ತುಕೊಂಡು ಬಂದ ಭಯ: ಮೋಟಾರು ತಾನು ನೋಡುತ್ತಿದ್ದಾಗ ಒಂದು ಕಡೆಗೆ ತಿರುಗಿ, ತಾನು ಬೆನ್ನು ಮಾಡಿದಾಗ, ತನ್ನ ಮನಸ್ಸಿನಲ್ಲಿದ್ದದ್ದನ್ನು ತಿಳಿದುಕೊಂಡು, ಇನ್ನೊಂದು ಕಡೆಗೆ ತಿರುಗಿತು.

ತಂತಿಯಮ್ಮ ಗುಂಡಿ ಒತ್ತಿದಳು. ಸಣ್ಣ ಮೋಟಾರು ಒಮ್ಮೆ ಮೈ ಕೊಡವಿ ಓಡತೊಡಗಿತು. ಅವನು ನೋಡುತ್ತ ನೋಡುತ್ತ ಗೋಡೆಗೆ ಒರಗಿದ. ಶಾಫ್ಟಿನ ಮೇಲೆ ಒಂದಿರಬೇಕಾದ ತೋಡು ಈಗ ನಾಲ್ಕಾಗಿ, ನಾಲ್ಕೂ ಒಂದರ ಹಿಂದೊಂದು ಎಡಕ್ಕೆ ತೆವಳುತ್ತಿದ್ದವು.

"ನೋಡಪ್ಪ, ಬಲಕ್ಕೆ ಹೋಗ್ತಿದೆ" ಎಂದಳು ಅವಳು.

"ಎಡಕ್ಕಲ್ವಾ ಹೋಗ್ತಿರೋದು?" ಅವನ ದನಿ ಅವನಿಗೇ ತೆಳ್ಳಗೆ ಕೇಳಿಸಿತು.

"ಅಯ್ಯೋ ನಿನ್ನ. ದೀಪ ಹೇಳಿದ್ದನ್ನ ನಂಬ್ತೀಯಾ?" ಅವಳು ಹಳೆಯ ಪತ್ರಿಕೆಯ ಚೂರೊಂದನ್ನು ಹರಿದು ಶಾಫ್ಟಿಗೆ ತಾಗಿಸಿದಳು, ಅದು ಬಲಕ್ಕೆ ಹಾರಿ ಅಣ್ಣನ ಕಾಲಬುಡದಲ್ಲಿ ಬಿತ್ತು. "ಟ್ಯೂಬ್‌ಲೈಟು ಕಣ್ಣಿಗೆ ಕಾಣದ ಹಾಗೆ ಹತ್ತಿ ಹತ್ತಿ ಆರುತ್ತೆ. ಅದರ ಕೆಳಗೆ ಮುಂದೆ ಹೋಗೋದೆಲ್ಲ ಹಿಂದೆ ಹೋದ ಹಾಗೆ ಕಾಣುತ್ತೆ. ಕಾಗದ ಇಟ್ಟು ನೋಡಬೇಕು, ಇಲ್ಲಾ ಬಾಗಿಲ ಬೆಳಕಿಗೆ ತರಬೇಕು. ನಲವತ್ತು ದಾಟಿರೋ ಹಾಗೆ ಕಾಣ್ತೀಯ, ಇದೂ ಗೊತ್ತಿಲ್ವಾ?"

ಅಣ್ಣ ಅವನ ಪರವಾಗಿ, "ಅವನು ಅಲಗಿನ ಕೆಲಸಗಾರ ಕಣಮ್ಮ. ಕರೆಂಟು ಅಂದ್ರೆ ಅವನಿಗೆ ಅಷ್ಟಕ್ಕಷ್ಟೆ" ಎಂದ.

ಅಲಗಿನ ಕೆಲಸಗಾರ. ಅಣ್ಣನ ಬಾಯಿಂದ ಈ ಮಾತು ಕೇಳಲು ಅವನು ಇಪ್ಪತ್ತು ವರ್ಷ ಕಾದಿದ್ದ. ಈಗ ಅದು ಒಬ್ಬ ಮುದುಕಿಯ ಮುಂದೆ, ಎರವಲು ಅಂಗಿಯಂತೆ ಅವನ ಮೈಮೇಲೆ ಬಿದ್ದಿತು. ಅವತ್ತು ಅವನು ಓಡಿಸಿ ನೋಡಿದ್ದೂ ಟ್ಯೂಬ್‌ಲೈಟಿನ ಕೆಳಗೇ. ಮೋಟಾರಿನಲ್ಲಿ ದೆವ್ವವಿರಲಿಲ್ಲ. ಅದು ಯಾರ ಮನಸ್ಸನ್ನೂ ಓದಿರಲಿಲ್ಲ. ಇಷ್ಟು ದಿನ ಆ ಯಂತ್ರದ ಮೇಲೆ ಹೊರಿಸಿಟ್ಟಿದ್ದ ತಪ್ಪಿನ ಪಾಲೂ ಈಗ ಕೆಳಗಿಳಿದು ನಡೆದುಕೊಂಡು ಅವನ ಕಡೆಗೇ ಬಂದಿತು.

"ಲೋ, ಇಲ್ಲಿ ಬಾ" ಎಂದು ಅಣ್ಣ ಮೂಲೆಯಿಂದ ಕರೆದ. ಅವನಿಗೆ ಹೋಗದೆಯೂ ಗೊತ್ತಿತ್ತು. ಒಳಗೆ ಬಂದ ಕ್ಷಣದಿಂದ ತನ್ನ ಹಲ್ಲುಗಳಲ್ಲಿ ಗುಂಯ್‌ಗುಟ್ಟುತ್ತಿದ್ದುದು ಆ ಮೂಲೆಯೇ. ಅಲ್ಲಿದ್ದ ಮೋಟಾರಿಗೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ಆದರೆ ಮೈಯ ಮೇಲಿನ ಏಣುಗಳಲ್ಲಿ ಮೂರನೆಯದು ತುದಿಯಲ್ಲಿ ಮುರಿದಿತ್ತು. "ಇದು ನಮ್ಮದೇ ಅಲ್ವೇನೋ? ತಂದ ದಿನವೇ ಗಾಡಿಯಿಂದ ಬೀಳಿಸಿದ್ವಲ್ಲ!" ಅಣ್ಣನ ಮುಖದಲ್ಲಿ, ದೂರದ ಊರಿನಲ್ಲಿ ಹಳೆಯ ಸಹಪಾಠಿಯನ್ನು ಕಂಡವನ ಖುಷಿಯಿತ್ತು. ರಕ್ತ ಕಂಡ ಯಂತ್ರ ಮನೆಯಲ್ಲಿರಬಾರದೆಂದು ಅತ್ತಿಗೆ ಅದನ್ನು ಆ ವಾರವೇ ಗುಜರಿಯವನಿಗೆ ಕೊಟ್ಟು ಕಳಿಸಿದ್ದಳು.

"ಗುಜರಿಯವನೇ ತಂದಿದ್ದು" ಎಂದಳು ತಂತಿಯಮ್ಮ. "ಮಾಲು ಬಂಗಾರ. ಎರಡು ಎಚ್‌ಪಿ. ಬಣ್ಣ ಬಿಟ್ಟು ನಾನೇನೂ ಮುಟ್ಟಿಲ್ಲ. ಓಡಿಸಿ ತೋರಿಸ್ತೀನಿ, ನೋಡೋದಕ್ಕೇನು." ತಂತಿ ಜೋಡಿಸಲು ಅವಳು ಮೋಟಾರಿನ ಪಕ್ಕೆಗಿದ್ದ ಡಬ್ಬಿಯ ಮುಚ್ಚಳ ತೆಗೆದಳು, ತೆಗೆದು, ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡಳು. "ಇಲ್ಲಿ ನೋಡು ಚೋದ್ಯ. ಸುತ್ತಿದವನು ಕೆಂಪು, ಹಳದಿ, ನೀಲಿ ಅಂತ ಅಚ್ಚುಕಟ್ಟಾಗಿ ತಂತಿಗೆ ಕೊಳವೆ ಹಾಕಿದ್ದಾನೆ. ಆಮೇಲೆ ಯಾರೋ ಹಳದಿ ನೀಲಿ ಅದಲು ಬದಲು ಮಾಡಿದ್ದಾರೆ. ಎರಡು ತಂತಿ ಬದಲಾದ್ರೆ ಮೋಟಾರು ಉಲ್ಟಾ ತಿರುಗುತ್ತೆ, ಅದಕ್ಕೇ ಮಾಡಿರ್ತಾರೆ. ಆದ್ರೆ ಈ ಸ್ಕ್ರೂ ತಲೆ ನೋಡು, ನಾಯಿ ಕಡಿದ ಹಾಗಿದೆ. ಸ್ಕ್ರೂಡ್ರೈವರ್ ಇರಲಿಲ್ವೋ, ಹುಡುಕೋ ಅಷ್ಟು ಪುರುಸೊತ್ತಿರಲಿಲ್ವೋ. ಚಾಕುವಿನ ಮೊನೇಲಿ ಬಿಚ್ಚಿದ ಹಾಗಿದೆ."

"ಗುಜರಿಯವನು ಮಾಡಿರ್ತಾನೆ ಬಿಡಮ್ಮ" ಎಂದ ಅಣ್ಣ, ಅಷ್ಟೇನೂ ಗಮನ ಕೊಡದೆ.

ಅವಳು ಮೋಟಾರನ್ನು ಓಡಿಸಿ, ಉದ್ದನೆಯ ಸ್ಕ್ರೂಡ್ರೈವರೊಂದರ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಗೆ ಕಿವಿ ಹಚ್ಚಿ ಆಲಿಸಿದಳು. ಡಾಕ್ಟರು ಎದೆ ಪರೀಕ್ಷಿಸುವಂತೆ ಅವಳ ಕಣ್ಣು ಎಲ್ಲೋ ನೆಟ್ಟಿತು. "ಕೇಳಪ್ಪ ನೀನೂ" ಎಂದು ಅದನ್ನು ಅವನ ಕೈಗೆ ಕೊಟ್ಟಳು. ಬೇಡವೆನ್ನಲು ಕಾರಣ ಹೊಳೆಯದೆ ಅವನು ಬಗ್ಗಿದ. ಮೊದಲು ಬರಿಯ ಗಾಳಿ. ಆಮೇಲೆ ಅದರ ಅಡಿಯಲ್ಲಿ, ಬಾಯಿಗೆ ಕೈ ಅಡ್ಡ ಹಿಡಿದು ಯಾರೋ ನಗುತ್ತಿರುವ ಸದ್ದು. ಅದು ಹನ್ನೊಂದು ತಿಂಗಳ ಹಿಂದೆ, ಆ ದಿನ, ಚಾಕು ಸಾಣೆಗೆ ತಂದಿದ್ದ ಹೋಟೆಲಿನ ಅಡಿಗೆಯವನ ನಗು. ಅವನು ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದ, ತನ್ನ ಚಾಕುವಿಗೆ ಕಾಯುತ್ತ. ಅಣ್ಣ ಅಲಗನ್ನು ಹಿಡಿದು ಯಂತ್ರದ ಮುಂದೆ ನಿಂತಿದ್ದ. ಮುಖ ಮಾತ್ರ ಅಡಿಗೆಯವನ ಕಡೆಗೆ. "ನಮ್ಮ ತಮ್ಮನಾ? ಹಿಡಿ ಹಾಕೋದಕ್ಕೆ ಸರಿ. ಅಲಗು ಅವನ ಕೈಗೆ ಕೊಟ್ರೆ ಚಾಕು ಹೋಗಿ ಚಮಚ ಆಗುತ್ತೆ" ಎಂದು ಹೇಳುತ್ತಲೇ ಅಲಗನ್ನು ಬೆಲ್ಟಿಗೆ ಒಮ್ಮೆ ಹಗುರವಾಗಿ ಮುಟ್ಟಿಸಿದ್ದ. ಅಡಿಗೆಯವನು ನಗತೊಡಗಿದ್ದ. ಯಾವಾಗಲೂ ಕೆಳಕ್ಕೆ, ನೆಲದ ಕಡೆಗೆ ಸುರಿಯುವ ಕಿಡಿಗಳು ಅಂದು ಮೇಲಕ್ಕೆ, ಅಣ್ಣನ ಎದೆಯ ಕಡೆಗೆ, ಒಂದು ಹಿಡಿ ಹೂವು ಎರಚಿದಂತೆ ಎದ್ದಿದ್ದವು. ಅಣ್ಣ ನೋಡಲಿಲ್ಲ. ತಮ್ಮ ನೋಡಿದ. ಬೆಲ್ಟು ಉಲ್ಟಾ ಓಡುತ್ತಿದೆ, ಇನ್ನೊಮ್ಮೆ ಒತ್ತಿ ಹಿಡಿದರೆ ಅಲಗನ್ನು ಕಿತ್ತು ಮೇಲಕ್ಕೆಸೆಯುತ್ತದೆ ಎಂಬುದು ಅವನಿಗೆ ಯೋಚಿಸಿ ತಿಳಿಯಬೇಕಾದ ವಿಷಯವಾಗಿರಲಿಲ್ಲ. ‘ಅಣ್ಣ’ ಎಂದು ಕೂಗಲು ಬೇಕಾದ ಉಸಿರು ಗಂಟಲಿಗೆ ಬಂದಿತ್ತು. ಬಂದು, ಆ ನಗು ಮುಗಿಯಲಿ ಎಂದು ಅಲ್ಲೇ ನಿಂತಿತು. ಕೈ ಸೀಳಿದ ಅಣ್ಣನನ್ನು ಎತ್ತಿಕೊಂಡು ಎಲ್ಲರೂ ಆಸ್ಪತ್ರೆಗೆ ಓಡಿಹೋದ ಮೇಲೆ, ಖಾಲಿಯಾದ ಕೋಣೆಯಲ್ಲಿ, ಕೈಗೆ ಸಿಕ್ಕಿದ್ದು ನೆಲದ ಮೇಲೆ ಬಿದ್ದಿದ್ದ ಅದೇ ಅಲಗು. ಅದರ ಮೊನೆಯಲ್ಲೇ ಅವನು ಸ್ಕ್ರೂ ಬಿಚ್ಚಿದ. ಅದರ ಮೇಲಿದ್ದುದು ಬೆರಳಿಗೆ ಅಂಟಿ, ಹಳದಿ ತಂತಿ ಯಾವುದು ನೀಲಿ ತಂತಿ ಯಾವುದು ಎಂದು ತಿಳಿಯಲು ಒರೆಸಿ ನೋಡಬೇಕಾಯಿತು.

"ಚೆನ್ನಾಗಿದೆ" ಎಂದು ಅವನು ಸ್ಕ್ರೂಡ್ರೈವರನ್ನು ಮರಳಿಸಿದ.

"ಚೆನ್ನಾಗೇ ಇರುತ್ತೆ. ಅದು ಯಾವತ್ತೂ ತಪ್ಪು ಮಾಡಲಿಲ್ಲ, ಪಾಪ" ಎಂದು ಅಣ್ಣ ಆ ಮುರಿದ ಏಣನ್ನು ಒಮ್ಮೆ ಸವರಿದ. "ಆದ್ರೆ ನನ್ನಂಥವನಿಗಲ್ಲ. ಆ ಅರ್ಧದ್ದೇ ಕಟ್ಟಿಕೊಡಮ್ಮ." ತಂತಿಯಮ್ಮ ಹಗ್ಗ ತರಲು ಎದ್ದಳು. ಇನ್ನು ಅವಳು ಹಗ್ಗ ತರುತ್ತಾಳೆ, ಎರಡು ಸುತ್ತು ಸುತ್ತುತ್ತಾಳೆ, ಗಂಟು ಹಾಕುತ್ತಾಳೆ, ಅಷ್ಟೇ ಸಮಯ.

"ಅಣ್ಣ, ಆ ತಂ‌ತಿ ಬದಲಾಯಿಸಿದ್ದು ನಾನು."

"ಯಾವ ತಂತಿ?"

"ಅವತ್ತು ಬೆಲ್ಟು ಉಲ್ಟಾ ಓಡ್ತಿತ್ತು, ಕೆಳಗಿಂದ ಮೇಲಕ್ಕೆ. ನಾನು ಚೀಟೀಲಿ ಬರೆದದ್ದು ತಪ್ಪಾಗಿತ್ತು. ನಿನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ಮೇಲೆ ನಾನು ಬದಲಾಯಿಸಿ ಸರಿ ಮಾಡಿದೆ. ನಿನ್ನ ಕೈ ತಪ್ಪಲಿಲ್ಲ."

ಅಣ್ಣನ ಬಲಗೈ ಜೇಬಿನಿಂದ ಹೊರಬಂದು, ಪೂರ್ತಿ ಮಡಚದ ತನ್ನ ಬೆರಳಿನೊಂದಿಗೆ, ಅವನ ಭುಜದ ಮೇಲೆ ಕುಳಿತಿತು. "ನಿನ್ನತ್ತಿಗೆ ಹೇಳಿಕೊಟ್ಟಳಾ?" ಎಂದ ಅಣ್ಣ. "ಬೇಡ ಕಣೋ. ನನಗೋಸ್ಕರ ಇಷ್ಟು ದೊಡ್ಡ ಸುಳ್ಳು ಹೊತ್ಕೋಬೇಡ. ಅವತ್ತು ಸಂಜೆ ಬ್ಯಾಂಡೇಜ್ ಕಟ್ಕೊಂಡು ಬಂದು ನಾನೇ ಓಡಿಸಿ ನೋಡಿದ್ದೆ. ಸರಿಯಾಗೇ ಓಡ್ತಿತ್ತು. ನನಗೆ ಧೈರ್ಯ ಬರಲಿ ಅಂತ ಹೇಳ್ತಿದ್ದೀಯ, ಅಷ್ಟೂ ಅರ್ಥವಾಗಲ್ವಾ ನನಗೆ?" ಹಗ್ಗ ಹಿಡಿದು ನಿಂತ ತಂತಿಯಮ್ಮ, "ಇಂಥ ತಮ್ಮನ್ನ ಪಡೆಯೋಕೂ ಯೋಗ ಬೇಕು" ಎಂದಳು.

ಭುಜದ ಮೇಲಿನ ಕೈ ಬೆಚ್ಚಗಿತ್ತು. ಇಲ್ಲಿಗೇ ನಿಲ್ಲಿಸಬಹುದು ಎಂದು ಅವನಿಗೆ ಹೊಳೆಯಿತು. ಸತ್ಯವನ್ನು ಹೇಳಿಯಾಯಿತು, ನಂಬದಿದ್ದರೆ ಅದು ತನ್ನ ತಪ್ಪಲ್ಲ. ಇನ್ನು ಮುಂದೆ ಅಣ್ಣ ತನ್ನ ತಮಾಷೆಯ ಜೊತೆಗೆ ಈ ಕಥೆಯನ್ನೂ ನೆಂಟರಿಗೆ ಹೇಳುತ್ತಾನೆ: ನೋಡಿ, ನನಗಾಗಿ ನನ್ನ ತಮ್ಮ ತಪ್ಪನ್ನೇ ತನ್ನ ಮೇಲೆ ಹಾಕಿಕೊಳ್ಳಲು ಬಂದ. ಅವರು ಅವನತ್ತ ಮೆಚ್ಚಿ ನೋಡುತ್ತಾರೆ. ಹಲ್ಲುಗಳೊಳಗಿನ ಗುಂಯ್‌ಕಾರ ಆ ಕ್ಷಣಕ್ಕೆ ಸಂಪೂರ್ಣ ನಿಂತುಹೋಯಿತು, ಮತ್ತು ಆ ನಿಶ್ಶಬ್ದ ಅವನನ್ನು ಮೊದಲಿಗಿಂತ ಹೆಚ್ಚು ಹೆದರಿಸಿತು.

"ಕಿಡಿ ಮೇಲಕ್ಕೆ ಹಾರಿತ್ತಣ್ಣ" ಎಂದ. "ಮೊದಲ ಸಲ ಮುಟ್ಟಿಸಿದಾಗ. ನೀನು ಆ ಅಡಿಗೆಯವನ ಕಡೆ ತಿರುಗಿದ್ದೆ. ಚಮಚದ ಮಾತು ಹೇಳ್ತಿದ್ದೆ. ನಾನು ನೋಡಿದೆ."

"ನೋಡಿ?"

"ಸುಮ್ಮನಿದ್ದೆ."

ಕೈ ಭುಜದ ಮೇಲೇ ಇತ್ತು, ಆದರೆ ಅದರ ತೂಕ ಹೋಗಿತ್ತು. ಚಮಚದ ಮಾತು ಅಣ್ಣನ ನೆನಪಿನಲ್ಲಿ ಎಲ್ಲಿತ್ತೋ ಅಲ್ಲಿಂದ ಎದ್ದು ಬರುವುದನ್ನು, ಅದರ ಬೆನ್ನಿಗೆ ಎದೆಯ ಮೇಲೆ ಸಿಡಿದ ಬಿಸಿಯೂ ಬರುವುದನ್ನು, ಅವನು ಆ ಮುಖದಲ್ಲಿ ಕಂಡ.

"ಎಷ್ಟು ಹೊತ್ತು?" ಎಂದು ಕೇಳಿದ ಅಣ್ಣ.

"ಅವನು ನಗೋವಷ್ಟು ಹೊತ್ತು."

ಅಣ್ಣ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಬೇರೆ ಯಾರದೋ ಮನೆಯಲ್ಲಿ ಬಹುಕಾಲ ಬಿಟ್ಟಿದ್ದ ಉಪಕರಣವೊಂದನ್ನು ಪರೀಕ್ಷಿಸುವವನಂತೆ ನೋಡಿದ. ಮುಖದಲ್ಲಿ ಕೋಪವಿರಲಿಲ್ಲ. ಅಲ್ಲಿ ಕ್ರಮೇಣ ಮೂಡುತ್ತಿದ್ದುದು ಸಂತೋಷ. ಆ ಸಂತೋಷದಲ್ಲಿ ತಮ್ಮನಿಗೆ ಎಲ್ಲಿಯೂ ಜಾಗವಿರಲಿಲ್ಲ.

"ಅದು ಬೇಡಮ್ಮ" ಎಂದ ಅಣ್ಣ. "ನಮ್ಮ ಹಸಿರುದ್ದನ್ನೇ ಕಟ್ಟು."

"ಎರಡು ಎಚ್‌ಪಿ ಕಣಪ್ಪ. ಕೈ ಸರಿಯಿಲ್ಲ ಅಂತಿದ್ದೆ?"

"ಸರಿ ಇದೆಯಂತೆ" ಎಂದ ಅಣ್ಣ.

ಹಗ್ಗ ಬಿಗಿದ ಮೋಟಾರನ್ನು ಅಣ್ಣ ಬಲಗೈಯಿಂದಲೇ ಎತ್ತಿ ಎದೆಗಾನಿಸಿಕೊಂಡ. ಇಬ್ಬರು ಹೊರಬೇಕಾದ ಭಾರ. ಒಂದು ಬದಿಗೆ ಹೆಗಲು ಕೊಡಲು ಅವನು ಮುಂದಾದ. ಅಣ್ಣ ಸಿಟ್ಟಿಲ್ಲದೆ, ಗಿರಾಕಿಯೊಬ್ಬನಿಗೆ ದಾರಿ ಬಿಡುವ ಮರ್ಯಾದೆಯಲ್ಲಿ, ಒಂದು ಹೆಜ್ಜೆ ಹಿಂದೆ ಸರಿದ. "ನೀನು ಮುಂದೆ ನಡಿ" ಎಂದ. ಚಿಕ್ಕಂದಿನಿಂದ ಅಣ್ಣನ ಹಿಂದೆಯೇ ನಡೆದು ರೂಢಿಯಾದವನಿಗೆ ಯಾವ ಕಾಲನ್ನು ಮೊದಲು ಎತ್ತಬೇಕೆಂದೇ ತೋಚಲಿಲ್ಲ. "ನಡಿ. ನನ್ನ ಕಣ್ಣಿಗೆ ಕಾಣೋ ಹಾಗೆ ನಡಿ."

ಮಧ್ಯಾಹ್ನದ ಬೀದಿಯಲ್ಲಿ ಬಾಗಿಲುಗಳೆಲ್ಲ ಅರೆ ಮುಚ್ಚಿದ್ದವು. ಬೆನ್ನ ಹಿಂದೆ ಅಣ್ಣನ ಹೆಜ್ಜೆಗಳು ಅಷ್ಟು ಭಾರ ಹೊತ್ತವನ ಹೆಜ್ಜೆಗಳಂತಿರಲಿಲ್ಲ. ಒಂದೇ ಸಮನೆ, ತಡವರಿಸದೆ, ಹತ್ತಿರವೂ ಬಾರದೆ ದೂರವೂ ಉಳಿಯದೆ ಬರುತ್ತಿದ್ದವು. ಈಗ ನಿಂತು ಕೈ ಬದಲಾಯಿಸಿಕೊಳ್ಳುತ್ತಾನೆ, ಈಗ ನಿಂತು ಉಸಿರು ತೆಗೆದುಕೊಳ್ಳುತ್ತಾನೆ, ಆಗ ತಾನು ತಿರುಗಿ ನೋಡಬಹುದು ಎಂದು ಅವನು ಕಾದ. ನಿಲ್ಲಲಿಲ್ಲ. ಒಂದು ಹಂತದಲ್ಲಿ ಹೆಜ್ಜೆಯ ಸದ್ದು ಹಿಂದೆಯೇ ಉಳಿದು ಕ್ಷೀಣವಾಯಿತು. ತಾವು ಗಾಡಿ ನಿಲ್ಲಿಸಿದ್ದ ಜಾಗವನ್ನು ದಾಟಿ ತಾನು ಬಹಳ ಮುಂದೆ ಬಂದಿದ್ದೇನೆಂದು ಅವನಿಗೆ ಅರಿವಾದದ್ದು ಆಮೇಲೆ. ಅಣ್ಣ ನೋಡುತ್ತಲೇ ಇದ್ದಿರಬೇಕು. ನಿಲ್ಲೆಂದು ಕೂಗಲಿಲ್ಲ.